ದೊಡ್ಡಮ್ಮ ಹುಡುಕಿಕೊಂಡು ಹೋದ ಕಾವೇರಿ

ನಮ್ಮ ದೊಡ್ಡಮ್ಮನ ಹಿಮ್ಮಡಿಯ ಬಿರುಕುಗಳಲ್ಲಿ ಯಾವಾಗಲೂ ಹೊಳೆಯ ಮರಳು ಕೂತಿರುತ್ತಿತ್ತು. ನಂಜನಗೂಡಿನ ಕಪಿಲೆಯ ದಡದಲ್ಲಿ ಹುಟ್ಟಿ ಬೆಳೆದವಳು. ನೀರು ಕಂಡರೆ ಸಾಕು, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುವಳು. ಬಸ್ಸು ಸೇತುವೆ ದಾಟುವಾಗಲೂ ಅಷ್ಟೇ. ಕಂಡಕ್ಟರು ನಗುತ್ತಿದ್ದ, ನನಗೆ ನಾಚಿಕೆಯಾಗುತ್ತಿತ್ತು. "ತಾಯಿ ಮುಂದೆ ಚಪ್ಪಲಿ ಆಕ್ಕಂಡು ಕೂತ್ಕಂಡಾರಾ?" ಎನ್ನುವಳು.

ಅವಳು ನನ್ನ ತಾಯಿಯ ಅಕ್ಕ. ಮೂಗಿನ ತುದಿಯಲ್ಲೇ ಕೋಪ. ಸೊಪ್ಪಿನವಳ ಜೊತೆ ಬೀದಿ ಕೇಳುವಂತೆ ಜಗಳವಾಡಿ, ಆಮೇಲೆ ಅವಳನ್ನೇ ಜಗುಲಿಯಲ್ಲಿ ಕೂರಿಸಿ ಕಾಫಿ ಕೊಡುವಳು. ಜಡೆ ಹೆಣೆಯುವಾಗ ನಾನು ಅಲ್ಲಾಡಿದರೆ ಬಾಚಣಿಗೆಯಲ್ಲೇ ಕುಟ್ಟುವಳು. ಅವಳು ಕರಿದ ಕೋಡುಬಳೆಗೆ ನಾನೂ ಅಣ್ಣನೂ ಕಿತ್ತಾಡುತ್ತಿದ್ದೆವು. ಅಣ್ಣ ಎಂದರೆ ಅವಳ ಒಬ್ಬನೇ ಮಗ.

ತೊಂಬತ್ತರ ದಶಕದ ಕೊನೆಗೆ, ಕಾಲೇಜಿಗೆ ಹೋಗುತ್ತಿದ್ದ ಆ ಅಣ್ಣ ಕಾಮಾಲೆಯಾಗಿ ತೀರಿಕೊಂಡ. ಅಸ್ಥಿಯನ್ನು ತಿ. ನರಸೀಪುರಕ್ಕೆ, ಕಪಿಲೆ ಕಾವೇರಿಯನ್ನು ಸೇರುವ ಸಂಗಮಕ್ಕೆ ಒಯ್ಯುವ ದಿನ ದೊಡ್ಡಮ್ಮನೂ ಸೆರಗು ಸಿಕ್ಕಿಸಿಕೊಂಡು ಜೀಪಿನ ಹತ್ತಿರ ಬಂದಳು.

"ಎಂಗಸ್ರು ಬರಂಗಿಲ್ಲ ಕಣಕ್ಕ, ಒಳಿಕ್ಕೋಗು" ಎಂದ ಸೋದರಮಾವ.

ಜೀಪು ಹೊರಟುಹೋಯಿತು. ಅವಳು ಅಳಲಿಲ್ಲ. ಅಂದಿನಿಂದ ಒಂದೇ ಮಾತು: "ಕಾವೇರಮ್ಮ ಅವ್ನ ಸಮುದ್ರಕ್ಕೆ ಕರ್ಕಂಡೋಗಿರ್ತಾಳೆ. ಅಲ್ಲೇ ಓಗಿ ನೋಡ್ತೀನಿ."

ಕೆಲವು ವರ್ಷಗಳ ಮೇಲೆ ನಮ್ಮ ಬೀದಿಯ ಹೆಂಗಸರು ಗೋಕರ್ಣಕ್ಕೆ ವ್ಯಾನು ಮಾಡಿದಾಗ ಎಲ್ಲರಿಗಿಂತ ಮೊದಲು ಸೀಟು ಹಿಡಿದವಳು ಅವಳೇ. ನನ್ನನ್ನೂ ಎಳೆದುಕೊಂಡು ಹೋದಳು. ದರ್ಶನ ಮುಗಿಸಿ ದಡಕ್ಕೆ ಬಂದೆವು. ಚಪ್ಪಲಿ ಕೈಗೆ ಬಂತು. "ಆ ಬಂಡೆಗಂಟ ಓಗಿ ಬರಾನ, ಬಾ" ಎಂದಳು. ಊಟದ ಹೊತ್ತಿಗೆ ಬರುತ್ತೇವೆಂದು ಉಳಿದವರಿಗೆ ಹೇಳಿ ಹೊರಟೆವು.

ಬಂಡೆ ಬಂತು. ಅದರಾಚೆ ಗುಡ್ಡ, ಗುಡ್ಡ ಹತ್ತಿಳಿದರೆ ಮತ್ತೆ ಮರಳು, ಮತ್ತೆ ಗುಡ್ಡ. ಊಟದ ಹೊತ್ತು ಎಂದೋ ಮೀರಿತ್ತು.

"ಸಾಕು ದೊಡ್ಡಮ್ಮ, ಅಲ್ಲಿ ಎಲ್ಲಾ ಕಾಯ್ತಾವ್ರೆ" ಎಂದೆ.

"ನೀರಂಚು ಬಿಡ್ದೆ ನಡುದ್ರೆ ಸಿಕ್ಕೇ ಸಿಕ್ತಾಳೆ ಕಣಮ್ಮಿ."

"ಯಾರು?"

"ಕಾವೇರಿ. ಅವ್ಳು ಬಂದು ಸೇರೋ ಜಾಗ."

ನಮ್ಮ ಕಡೆ ಕಪಿಲೆಯ ಅಂಚು ಹಿಡಿದು ನಡೆದರೆ ಸಂಗಮ ಸಿಗುತ್ತದೆ, ಅದು ಸರಿ. ಅವಳು ಕಂಡ ಲೋಕ ಅಷ್ಟೇ. ಕಾವೇರಿ ಸೇರುವುದು ತಮಿಳುನಾಡಿನ ಆಚೆ, ಮೂಡಲ ಕಡಲನ್ನು ಎಂದು ಹೇಳಲು ಬಾಯಿ ತೆರೆದೆ. ಆಗ ಅವಳ ಮಡಿಲಲ್ಲಿದ್ದ ಪೇಪರಿನ ಪೊಟ್ಟಣ ಕಂಡಿತು. ಎಣ್ಣೆ ಹೀರಿದ ಪೇಪರು, ಒಳಗೆ ಕೋಡುಬಳೆ. ಬಾಯಿ ಮುಚ್ಚಿಕೊಂಡು ಅವಳ ಹಿಂದೆ ನಡೆದೆ.

ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಉಪ್ಪುನೀರು ತಾಕಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದಳೇ ಹೊರತು ನಿಲ್ಲಲಿಲ್ಲ. ಹೊತ್ತು ಇಳಿಯುವಾಗ ಅಗಲವಾದ ಹೊಳೆಯೊಂದು ಕಡಲಿಗೆ ಸೇರುವುದು ಕಂಡಿತು. ದೊಡ್ಡಮ್ಮನ ಮುಖ ಅರಳಿತು. ಮೀನು ಒಣಗಿಸುತ್ತಿದ್ದ ಹೆಂಗಸನ್ನು "ಇದೇ ಅಲ್ವಾ ಕಾವೇರಿ?" ಎಂದು ಕೇಳಿದಳು.

"ಕಾವೇರಿ ಇಲ್ಲೆಲ್ಲಿ? ಇದು ಅಘನಾಶಿನಿ" ಎಂದಳು ಆಕೆ.

ದೊಡ್ಡಮ್ಮ ನನ್ನ ಮುಖ ನೋಡಿದಳು. "ನಿಂಗೆ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದೆ.

"ಮತ್ತೆ ನಮ್ಮೊಳೆ ಎತ್ತಗೋಗ್ತದೆ?"

ಮೂಡಲಿಗೆ ಕೈ ತೋರಿಸಿದೆ. ಅವಳು ಕಡಲಿಗೆ ಬೆನ್ನು ಹಾಕಿ ಆ ಕಡೆ ನೋಡುತ್ತ ನಿಂತಳು. ಗುಡ್ಡ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆಮೇಲೆ ಮರಳಿನ ಮೇಲೆ ಕುಸಿದು ಕೂತು, ಜೀಪು ಹೋದ ದಿನ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು. ಅತ್ತು ಮುಗಿದ ಮೇಲೆ ಪೊಟ್ಟಣ ಬಿಚ್ಚಿ ನನ್ನ ಕೈಗಿಟ್ಟಳು.

"ತಿನ್ನು. ಬೆಳಿಗ್ಗಿಂದ ಅಸ್ಕಂಡು ನಡ್ದಿದ್ದೀಯ."

ಇನ್ನೊಂದು ಸಮುದ್ರಕ್ಕೆ ಮುಂದಿನ ಬೇಸಿಗೆಯಲ್ಲಿ ಹೋಗೋಣ ಎಂದುಕೊಂಡೆವು. ಬೇಸಿಗೆಯವರೆಗೆ ಅವಳು ಉಳಿಯಲಿಲ್ಲ.

ಅವಳ ಅಸ್ಥಿ ಹೊರಟಾಗ ಸೋದರಮಾವ ನನಗೂ ಅದೇ ಮಾತು ಹೇಳಿದ. ನಾನು ಜೀಪು ಹತ್ತಿ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಸಂಗಮದಲ್ಲಿ ಚಪ್ಪಲಿ ಬಿಚ್ಚಿಟ್ಟು ಮೊಣಕಾಲುದ್ದದ ನೀರಿಗಿಳಿದು ಮಡಕೆ ಬಗ್ಗಿಸಿದೆ.

"ಈ ನೀರು ಬಿಡದೆ ಹೋಗು ದೊಡ್ಡಮ್ಮ" ಎಂದೆ. "ಈ ಸಲ ಸಿಗ್ತಾನೆ."