ಅಜ್ಜಿಯ ಈಳಿಗೆಮಣೆಗೆ ನಾನು ಹಿಡಿದ ಸಾಣೆ

ಇವತ್ತು ಬೆಳಿಗ್ಗೆ ಹಳೆಯ ಬೆಲ್ಟೊಂದನ್ನು ಕಟ್ಟಿಕೊಂಡೆ. ಹತ್ತು ನಿಮಿಷದಲ್ಲಿ ಬಿಳಿ ಅಂಗಿಯ ಸೊಂಟದ ಸುತ್ತ ಹಸಿರು ಗೆರೆ. ಮೂಸಿದರೆ ಮೇಣದ ವಾಸನೆ. ನನ್ನ ಸಾಣೆ ಪಾಂಡಿತ್ಯದ ಪಳೆಯುಳಿಕೆ ಅದು ಎಂದು ಆಮೇಲೆ ಹೊಳೆಯಿತು.

ಎರಡು ವರ್ಷದ ಹಿಂದೆ ಫೋನಿನಲ್ಲಿ ವಿಡಿಯೊ ನೋಡಿ ನೋಡಿ ನನಗೆ ಚಾಕು ಹರಿತ ಮಾಡುವ ಹುಚ್ಚು ಹಿಡಿದಿತ್ತು. ಮೊದಲು ಒರಟು ಕಲ್ಲು, ಆಮೇಲೆ ನಯದ ಕಲ್ಲು, ಕೊನೆಗೆ ಬೆಲ್ಟಿನ ಒಳಮೈಗೆ ವಿಜಯಪುರದ ಅಂಗಡಿಯಿಂದ ತಂದ ಮೇಣದಂಥ ಹಸಿರು ಪಾಲಿಶ್ ಬಿಲ್ಲೆ ತಿಕ್ಕಿ, ಅದರ ಮೇಲೆ ಅಲಗನ್ನು ಎಳೆಯುವುದು. ಮಗ್ಗುಲಿಗೆ ನಲವತ್ತು ಸಲ. ನಂಬದಿದ್ದರೆ ಡೈರಿ ತೋರಿಸುತ್ತೇನೆ. ಹರಿತ ಪರೀಕ್ಷಿಸಲು ಮುಂಗೈ ಕೂದಲು ಬೋಳಿಸಬೇಕೆಂದು ವಿಡಿಯೊದವನು ಹೇಳಿದ್ದ. ಮನೆಯಲ್ಲಿದ್ದದ್ದು ಮೂರು ಚಾಕು, ನನಗಿದ್ದದ್ದು ಎರಡೇ ಕೈ. ಮೂರನೆಯದಕ್ಕೆ ಕಾಲು ಕೊಟ್ಟೆ. "ಏನೋ ಇದು, ಕೋಳಿ ಪುಕ್ಕ ಕಿತ್ತಂಗೆ ಮಾಡ್ಕೊಂಡಿದ್ದೀಯ?" ಎಂದಳು ಅಮ್ಮ.

ಅಮ್ಮನಿಗೆ ಆಗ ಬೇರೆಯೇ ಚಿಂತೆ. ಅಜ್ಜಿಯ ಕಣ್ಣು ಮಂಜಾಗಿತ್ತು. "ಅತ್ತೆ, ಒಂದ್ಸಲ ಕೈ ಕುಯ್ಕೊಂಡ್ರೆ ಸಾಕು, ಈಳಿಗೆಮಣೆ ಅಟ್ಟಕ್ಕೆ ಹಾಕ್ಬಿಡ್ತೀನಿ" ಎಂದು ಎಚ್ಚರಿಸಿದ್ದಳು. ಅಜ್ಜಿಗೋ ಮಣೆ ಮೇಲೆ ಕೂತು ತರಕಾರಿ ಹೆಚ್ಚದಿದ್ದರೆ ಅದು ದಿನವೇ ಅಲ್ಲ. ಹಸು, ಹೊಲ ಎಲ್ಲ ಕೈಬಿಟ್ಟ ಮೇಲೆ ಅವಳ ಪಾಲಿಗೆ ಉಳಿದಿದ್ದ ಕೆಲಸ ಅದೊಂದೇ.

ಮೊಂಡು ಅಲಗೇ ಹೆಚ್ಚು ಅಪಾಯ ಎಂದೂ ವಿಡಿಯೊದವನು ಹೇಳಿದ್ದ. ಸರಿ, ಅಜ್ಜಿಯ ಮಣೆ ಉಳಿಸಲು ಹೊರಟೆ. ಈಳಿಗೆಯ ಅಲಗು ಒಳಕ್ಕೆ ಬಾಗಿರುತ್ತದಲ್ಲ, ಬೆಲ್ಟನ್ನು ಲಟ್ಟಣಿಗೆಗೆ ಸುತ್ತಿ ಮೂರು ಸಂಜೆ ಉಜ್ಜಿದೆ. ಒಟ್ಟು ಒಂಬೈನೂರ ಅರವತ್ತು ಸಲ. ಅಲಗಿನಲ್ಲಿ ನನ್ನ ಮೂಗು ಕಾಣಿಸಿತು.

ಮಾರನೆಯ ಬೆಳಿಗ್ಗೆ ಅಜ್ಜಿ ಹುರುಳಿಕಾಯಿ ಹಿಡಿದು ಕೂತಳು. ನಾಲ್ಕು ಕಾಯಿ ಹೆಚ್ಚಿ ತಲೆಯೆತ್ತಿದಳು.

"ಏನ್ಲಾ ಮಾಡ್ದೆ ಇದುಕ್ಕೆ? ಸದ್ದೇ ಬರಾಕಿಲ್ಲ!"

"ಅಷ್ಟು ನಯ ಆಗಿದೆ ಅಜ್ಜಿ."

"ನಯ ಯಾವನಿಗ್ ಬೇಕಾಗಿತ್ತು? ಕಟಕ್ ಅಂದ್ರೆ ಕಾಯಿ ತುಂಡಾತು ಅಂತ ಬೆರಳು ಹಿಂದುಕ್ ತಗೀತಿದ್ದೆ. ಈಗೇನ್ ಕೇಳ್ಕಂಡು..."

ಮಾತು ಮುಗಿಯುವ ಮೊದಲೇ ಬೆರಳು ಸೆರಗಿನೊಳಗೆ ಹೋಯಿತು.

"ಅದೇನು ಕೆಂಪಗೆ?" ಒಲೆಯ ಕಡೆಯಿಂದ ಅಮ್ಮ ತಿರುಗಿದಳು. ಹುರುಳಿಕಾಯಿಯ ಮೇಲೆ ಎರಡು ಹನಿ ರಕ್ತ. ಅಜ್ಜಿ ನನ್ನನ್ನೇ ನೋಡಿದಳು. ಅಷ್ಟು ಸ್ಪಷ್ಟವಾಗಿ ಒಳ್ಳೆಯ ಕಣ್ಣಿನವರೂ ನನ್ನನ್ನು ನೋಡಿಲ್ಲ. ನಾನು ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು "ನಂದೇ" ಎಂದೆ.

"ಇನ್ಮೇಲೆ ಈ ಮನೇಲಿ ಚಾಕು ಮುಟ್ಟಿದ್ರೆ ನೋಡು!"

"ನಾನೂ ಅದ್ನೇ ಯೋಳ್ದೆ ಕಣವ್ವ, ಕೇಳಾಕಿಲ್ಲ ಇವ್ನು" ಎಂದು ಅಜ್ಜಿ, ಸೆರಗು ಬಿಡದೆ, ಸೊಸೆಯ ಪಕ್ಷ ಸೇರಿದಳು.

ಮಧ್ಯಾಹ್ನ ಅಮ್ಮ ಆಚೆ ಹೋದಾಗ ಅಜ್ಜಿಯ ಅಪ್ಪಣೆಯಂತೆ ಅಲಗನ್ನು ಒಗೆಯುವ ಕಲ್ಲಿನ ಅಂಚಿಗೆ ಉಜ್ಜಿದೆ. ಒಂಬತ್ತನೆಯ ಸಲಕ್ಕೆ ಒಂದು ಕಾಯಿ ಹೆಚ್ಚಿ ನೋಡಿ, ಕಟಕ್ ಎಂದಾಗ "ಸಾಕು, ಬಾಯಿ ಬಂತು" ಎಂದಳು. ನನ್ನ ಒಂಬೈನೂರ ಅರವತ್ತು ಸಲದ ನಯ ಅಲ್ಲಿಗೆ ಮುಗಿಯಿತು.

ನನ್ನ ಮೇಲಿನ ನಿಷೇಧ ಇನ್ನೂ ಜಾರಿಯಲ್ಲಿದೆ. ಸೇಬನ್ನೂ ಹೆಚ್ಚಿಯೇ ಕೊಡುತ್ತಾರೆ. ಆದರೆ ಈಗ ವಿಡಿಯೊ ಬಿಟ್ಟು ಅಡುಗೆಮನೆಗೆ ಕಿವಿ ಕೊಡುತ್ತೇನೆ. ಸದ್ದು ಕೇಳಿ ಅಜ್ಜಿ ಹೆಚ್ಚುತ್ತಿರುವುದು ಯಾವ ತರಕಾರಿ ಎಂದು ಹೇಳುವುದು: ಇದುವರೆಗೆ ನಲವತ್ತು ಪ್ರಯತ್ನ, ಆರು ಸರಿ. ಇವತ್ತೂ ಅಂಗಿ ಬದಲಿಸುತ್ತ ಕಣ್ಣು ಮುಚ್ಚಿ ಕೂಗಿದೆ: "ಬದನೇಕಾಯಿ!"

"ಹೀರೇಕಾಯಿ ಕಣ್ಲಾ" ಎಂದಳು ಅಜ್ಜಿ ಒಳಗಿನಿಂದ. "ಬಿಡು, ನಾಳೀಕೂ ನಾನೇ ಹೆಚ್ಚಾದು."