ನನ್ನ ತಮ್ಮ ದಮ್ಮು ಬಿಟ್ಟ ದಿನ

ನಮ್ಮ ಕಡೆ ದಮ್ಮು ಅನ್ನುವ ಒಂದು ಮಾತಿಗೆ ಬಹಳ ಕೆಲಸ. ಕಬಡ್ಡಿಯಲ್ಲಿ ಎದುರಿನವರ ಅಂಗಳಕ್ಕೆ ನುಗ್ಗಿದವನು ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಅನ್ನುತ್ತಾನಲ್ಲ, ಅದು ದಮ್ಮು. ಎದೆಗಾರಿಕೆ ಇದ್ದವನನ್ನು ಕಂಡರೆ ಇವನಿಗೆ ದಮ್ಮಿದೆ ಅನ್ನುತ್ತಾರೆ. ಕಲ್ಲಿನ ಧೂಳು ಕುಡಿದು ಕುಡಿದು ನಮ್ಮ ಅಪ್ಪನಿಗೆ ಹತ್ತಿಕೊಂಡಿರುವ ಉಬ್ಬಸವೂ ದಮ್ಮೇ. ಮಂದಿ ಇವನ್ನೆಲ್ಲ ಒಂದರೊಳಗೊಂದು ಕಲಸಿ ನನ್ನ ತಮ್ಮನ ಬಗ್ಗೆ ಕಥೆ ಕಟ್ಟಿದ್ದಾರೆ. ಆ ಕಥೆ ಕೇಳಿ ಕೇಳಿ ನನ್ನ ತಲೆ ಕೆಟ್ಟಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ವಾಡಿಯಲ್ಲಿ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಮೂವರೇ. ಅಪ್ಪ ರಾವೂರಿನ ಗಣಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಎಬ್ಬಿಸುತ್ತಿದ್ದವನು. ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ತಮ್ಮನಿಗೆ ಕಬಡ್ಡಿಯೇ ಹೊಟ್ಟೆಪಾಡು. ದೊಡ್ಡ ಊರಿನ ತಂಡವೊಂದು ಅವನನ್ನು ತೆಗೆದುಕೊಂಡು, ಟಿವಿಯಲ್ಲಿ ಬರುವ ಲೀಗ್‌ನಲ್ಲಿ ಆಡಿಸುತ್ತಿತ್ತು. ನಮ್ಮ ಅಜ್ಜನ ಕಾಲಕ್ಕೆ ನಾವು ಊರ ಹೊರಗಿನವರು. ಈಗ ಮನೆಯಲ್ಲಿ ಬುದ್ಧನ ಪಟವಿದೆ, ಕಪಾಟಿನ ತುಂಬ ಪುಸ್ತಕಗಳಿವೆ, ಟಿವಿಯಲ್ಲಿ ನಮ್ಮ ಹುಡುಗ ಇದ್ದ. ಅವನು ರೇಡ್‌ಗೆ ಇಳಿದಾಗ ಅವನ ದಮ್ಮಿನ ದನಿ ಬೇರೆಯವರ ದನಿಗಿಂತ ಎತ್ತರಕ್ಕೆ ಕೇಳುತ್ತಿತ್ತು. ಅಪ್ಪ ಟಿವಿ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ಆ ದನಿ ಕೇಳುತ್ತಿದ್ದ.

ಲೀಗ್ ಇಲ್ಲದ ತಿಂಗಳುಗಳಲ್ಲಿ ತಮ್ಮ ನಮ್ಮ ಓಣಿಯ ಹುಡುಗರಿಗೆ ಆಟ ಕಲಿಸುತ್ತಿದ್ದ. ತೊಗರಿ ರಾಶಿ ಮುಗಿದ ಮೇಲೆ ಆ ಹುಡುಗರು ಚಿಂಚೋಳಿ ಕಡೆಯ ಒಂದು ಊರಿಗೆ ಪಂದ್ಯ ಆಡಲು ಹೋದರು. ಅರ್ಧ ಆಟ ಮುಗಿದು ನೀರಿಗೆ ಬಿಟ್ಟರು. ಡ್ರಮ್ಮಿನ ಮೇಲೆ ಸ್ಟೀಲ್ ಲೋಟ ಇತ್ತು. ಎದುರಿನ ತಂಡದವರು ಅದರಲ್ಲೇ ಮೊಗೆದು ಕುಡಿದರು. ನಮ್ಮ ಹುಡುಗರು ಹೋದಾಗ ಒಬ್ಬ ಹಿರಿಯ ಲೋಟ ಎತ್ತಿಟ್ಟುಕೊಂಡು, ಬಗ್ಗಿ ಬೊಗಸೆ ಹಿಡಿಯಿರಿ, ಮೇಲಿಂದ ಹಾಕುತ್ತೇನೆ ಅಂದ. ನಮ್ಮವನೊಬ್ಬ ಅವನ ಕೈಯಿಂದ ಲೋಟ ಕಿತ್ತುಕೊಂಡು ತಾನೇ ಮೊಗೆದ. ಅಷ್ಟಕ್ಕೇ ಹೊಡೆದಾಟವಾಗಿ ಆ ಹುಡುಗನ ಬಲಗೈ ಮುರಿಯಿತು. ಕೇಸು ಆಯಿತು, ನಾಲ್ಕು ಜನ ದೊಡ್ಡವರು ಕೂತು ರಾಜಿಯೂ ಮಾಡಿಸಿದರು. ಅದೇ ಮಂದಿ ಆಟದಲ್ಲಿ ನಮ್ಮ ಹುಡುಗರ ತೊಡೆ ಹಿಡಿದು, ಸೊಂಟ ತಬ್ಬಿ, ಬೆವರಿಗೆ ಬೆವರು ಹತ್ತಿಸಿಕೊಂಡು ಉರುಳಾಡಿದ್ದರು. ಲೋಟ ಮಾತ್ರ ಮೈಲಿಗೆಯಾಗುತ್ತಿತ್ತು. ಇದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಶಾಲೆಯಲ್ಲಿ ಮಾತು ಬಂತು. ನಮ್ಮ ವಿಜ್ಞಾನದ ಮಾಸ್ತರರು ಒಳ್ಳೆಯವರು, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ತಮ್ಮ ಡಬ್ಬಿಯ ಸಜ್ಜೆ ರೊಟ್ಟಿಯನ್ನು ನನ್ನ ಕೈಗೇ ಮುರಿದು ಕೊಡುವವರು. ಬೇರೆ ದೇಶದಲ್ಲಿ ಆಟಗಾರರು ಅನ್ಯಾಯದ ವಿರುದ್ಧ ಮೈದಾನದಲ್ಲೇ ಮಂಡಿಯೂರಿದ ಸುದ್ದಿ ತೆಗೆದು, ಅದು ತಮಗೆ ಸರಿ ಕಾಣುವುದಿಲ್ಲ ಅಂದರು.

“ಆ ಊರಾಗ ಮಾಡಿದ್ದು ತಪ್ಪರಿ ಮೇಡಂ, ನಾ ಇಲ್ಲ ಅನ್ನಲ್ಲ. ಖರೆ ಆಟದಾಗ ಜಾತಿ ತರಬಾರ್ದು ನೋಡ್ರಿ. ಆಟಗಾರ ಆಡಬೇಕು, ಲೀಡರ್ ಮಂದಿ ಭಾಷಣಾ ಮಾಡಬೇಕು. ಒಬ್ಬರ ಕೆಲಸಾ ಒಬ್ಬರು ಮಾಡ್ಲಿಕ್ಕ ಹೋದ್ರ ಹ್ಯಾಂಗ?”

“ಆಟದಾಗ ಜಾತಿ ನಾವು ತಂದಿಲ್ರಿ ಸರ್. ನಾವು ಹೋಗೂದಕ್ಕಿಂತ ಮೊದಲೇ ಡ್ರಮ್ಮಿನ ಹತ್ರ ತಂದಿಟ್ಟಿದ್ರು.”

“ಹಂಗಲ್ಲರಿ. ಟಿಕೇಟ ತಗೊಂಡು ಬಂದ ಮಂದಿ ಆಟಾ ನೋಡ್ಲಿಕ್ಕ ಬಂದಿರ್ತಾರ.”

“ಆಟಾ ರೊಕ್ಕಾ ಕೊಟ್ಟು ನೋಡ್ಲಿ. ಆ ಹುಡುಗರಿಗೆ ನೀರು ಹ್ಯಾಂಗ ಕೊಡ್ತಾರ ಅನ್ನೂದನ್ನ ಬಿಟ್ಟಿನೇ ನೋಡ್ಲಿ ಬಿಡ್ರಿ.”

ಅವರು ನಕ್ಕರು. ನಾನು ನಗಲಿಲ್ಲ. ಆಮೇಲೆ ಅವರು ಸಾವಕಾಶ ಕೇಳಿದರು, “ನಿಮ್ಮ ತಮ್ಮಗ ಹಂಗ ಮಾಡು ಅಂತ ಹೇಳ್ತೀರೇನ್ರಿ? ಖರೆ ಹೇಳ್ರಿ.” ಹೇಳ್ತೀನಿ ಅಂದೆ. ಗಂಟೆ ಹೊಡೆಯಿತು, ಪುಸ್ತಕ ತೆಗೆದುಕೊಂಡು ತರಗತಿಗೆ ನಡೆದೆ. ಅಷ್ಟು ಗಟ್ಟಿಯಾಗಿ ಹೇಳಿದವಳು ಪಾಠ ಮಾಡುವಾಗ ಒಂದೇ ಸಾಲನ್ನು ಎರಡು ಸಲ ಓದಿದೆ.

ಆ ಭಾನುವಾರವೇ ತಮ್ಮ ವಿಷಯ ತೆಗೆದ. ಸೇಡಂನಲ್ಲಿ ದೊಡ್ಡ ಪಂದ್ಯಾವಳಿ ಇತ್ತು, ಅವನು ನಮ್ಮ ಕಡೆಯ ತಂಡಕ್ಕೆ ಆಡುವವನಿದ್ದ. ಮೊದಲ ರೇಡ್‌ಗೆ ಇಳಿದಾಗ ತಾನು ಕಬಡ್ಡಿ ಅನ್ನುವುದಿಲ್ಲ, ಬಾಯಿ ಮುಚ್ಚಿಕೊಂಡು ಸುಮ್ಮನೆ ನಿಲ್ಲುತ್ತೇನೆ ಅಂದ. ದಮ್ಮು ಬಿಟ್ಟರೆ ರೇಡ್ ಹೋಗುತ್ತದೆ, ಎದುರಿನವರಿಗೆ ಒಂದು ಪಾಯಿಂಟ್ ಸಿಗುತ್ತದೆ. ತೋಳಿಗೆ ಕಪ್ಪು ಪಟ್ಟಿ ಕಟ್ಟಿದರೆ ಬಿಚ್ಚು ಅನ್ನುತ್ತಾರೆ, ಬಾಯಿ ಮುಚ್ಚಿದ್ದನ್ನು ಯಾರು ಬಿಚ್ಚಿಸುತ್ತಾರೆ ಎಂದು ಅವನ ಲೆಕ್ಕ.

ಅಪ್ಪ ಊಟದ ತಾಟು ಸರಿಸಿದ. “ನಿನ್ನ ಕೆಲಸಾ ಏನು? ಆಡೂದು. ಆಡು, ಮನಿಗೆ ಬಾ.”

“ಅಪ್ಪಾ, ಕೈ ಮುರಕೊಂಡಾವ ನಾ ಕಲಿಸಿದ ಹುಡುಗ.”

“ಅದಕ್ಕ ಕೇಸ್ ಆಗಿತ್ತಲ್ಲ.”

“ರಾಜಿನೂ ಆತು.”

“ಮಾತಾಡೂದು ಅದ ಅಂದ್ರ ಆಟಾ ಬಿಟ್ಟ ಮ್ಯಾಲ ಮಾತಾಡು. ಈ ಓಣ್ಯಾಗಿಂದ ನೀ ಒಬ್ಬಾವ ಮ್ಯಾಲ ಹೋಗೀದಿ. ನಾಳೆ ಇನ್ನೊಬ್ಬ ಹೋದ್ರ, ಇವರು ತಕರಾರಿನ ಮಂದಿ ಅಂತ ಬಾಗಲಾ ಹಾಕ್ತಾರ. ಅದರ ವಿಚಾರ ಮಾಡೀದೇನು?”

“ಆಟಾ ಬಿಟ್ಟ ಮ್ಯಾಲ ನನ್ನ ಮಾತು ಯಾವ ಕೇಳ್ತಾನಪ್ಪಾ? ಈಗ ಕೇಳ್ತಾರ.”

ಅಪ್ಪನಿಗೆ ಸಿಟ್ಟು ಬಂದರೆ ಉಸಿರು ಏರುತ್ತದೆ, ಮಾತು ನಿಲ್ಲುತ್ತದೆ. ಎದೆ ಸೀಟಿ ಹೊಡೆಯತೊಡಗಿತು. ತಮ್ಮ ನನ್ನ ಕಡೆ ತಿರುಗಿ, “ನೀ ಏನಂತಿ ಅಕ್ಕಾ?” ಅಂದ. ಮುಂದಿನ ಸೀಸನ್‌ಗೆ ಅವನನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ಲೀಗ್‌ನ ತಂಡ ಆ ತಿಂಗಳೇ ತೀರ್ಮಾನ ಮಾಡುವುದಿತ್ತು. ಬಿಟ್ಟರೆ ಆಟ ಮುಗಿದಂತೆ; ಅವನ ವಯಸ್ಸಿಗೆ ಎರಡನೇ ಸಲ ಯಾರೂ ಕರೆಯುವುದಿಲ್ಲ. “ನಿನ್ನ ಜೋಡಿ ಆಡೋರಿಗೆ ಹೇಳೀದೇನು?” ಎಂದಷ್ಟೇ ಕೇಳಿದೆ. ಹೇಳೀನಿ, ಇಬ್ಬರು ಹೂಂ ಅಂದ್ರು, ಉಳದವರು ಸುಮ್ಮ ಕುಂತ್ರು ಅಂದ. ಆಟಗಾರ ಪ್ರತಿಭಟಿಸಬೇಕು ಎಂಬುದರಲ್ಲಿ ನನಗೆ ಆಗಲೂ ಅನುಮಾನ ಇರಲಿಲ್ಲ. ಆದರೆ ಆ ಆಟಗಾರ ನನ್ನ ತಮ್ಮ ಆಗಿದ್ದಕ್ಕೆ ಹೆದರಿಕೆ ಆಗಿತ್ತು.

ಬರುವುದಿಲ್ಲ ಅಂದಿದ್ದ ಅಪ್ಪ, ಪಂದ್ಯದ ದಿನ ನನಗಿಂತ ಮೊದಲು ಸ್ಟೇಷನ್ನಿಗೆ ಬಂದು ಕೂತಿದ್ದ. ಇಬ್ಬರೂ ರೈಲಿನಲ್ಲಿ ಸೇಡಂ ಮುಟ್ಟಿದೆವು. ಮೈದಾನದಲ್ಲಿ ಕಾಲಿಡಲು ಜಾಗ ಇರಲಿಲ್ಲ, ಅರ್ಧಕ್ಕರ್ಧ ಮಂದಿ ನನ್ನ ತಮ್ಮನ ದಮ್ಮು ಕೇಳಲಿಕ್ಕೇ ಬಂದವರು. ಮುರಿದ ಕೈಗೆ ಪಟ್ಟಿ ಹಾಕಿಸಿಕೊಂಡ ಹುಡುಗನೂ ಮುಂದಿನ ಸಾಲಿನಲ್ಲಿದ್ದ. ತಮ್ಮ ನಡುಗೆರೆ ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಹೋದ. ಜನ ಚಪ್ಪಾಳೆ ಹೊಡೆದರು. ಅವನು ಎರಡು ಹೆಜ್ಜೆ ಮುಂದೆ ಹೋಗಿ ನಿಂತ, ತುಟಿ ಬಿಗಿಹಿಡಿದು, ಕೈ ಕೆಳಗೆ ಬಿಟ್ಟು. ಎದುರಿನವರು ಹಿಡಿಯಲೂ ಮರೆತು ಅವನ ಮುಖ ನೋಡಿದರು. ರೆಫ್ರಿ ಸೀಟಿ ಊದಿ ಆ ಕಡೆಗೆ ಪಾಯಿಂಟ್ ತೋರಿಸಿದ.

ಆಗ ಮೈಕಿನವನು ಕೂಗಿದ, “ಅಯ್ಯಯ್ಯೋ, ಏನಾತ್ರಿ ನಮ್ಮ ಹುಲಿಗಿ! ದಮ್ಮು ಕಡೀತ್ರಿ, ದಮ್ಮು ಕಡೀತು!”

ಇಡೀ ಮೈದಾನ ನಕ್ಕಿತು. ಸುಮ್ಮನೆ ನಿಂತರೆ ಮಂದಿ ಯಾಕೆಂದು ಕೇಳುತ್ತಾರೆ ಎಂದು ನನ್ನ ತಮ್ಮ ತಿಳಿದಿದ್ದ. ಕಬಡ್ಡಿಯನ್ನು ಹಾಲಿನ ಜೊತೆ ಕುಡಿದು ಬೆಳೆದ ಸೀಮೆ ನಮ್ಮದು; ಇಲ್ಲಿ ಮೈದಾನದಲ್ಲಿ ಬಾಯಿ ನಿಂತವನಿಗೆ ಉಸಿರು ಸಾಲಲಿಲ್ಲ ಎಂದೇ ಅರ್ಥ, ಬೇರೆ ಅರ್ಥ ಯಾರಿಗೂ ಹೊಳೆಯುವುದಿಲ್ಲ. ಕಬಡ್ಡಿ ತಿಳಿಯದ ಊರಿನಲ್ಲಿ ನಿಂತಿದ್ದರೆ ಒಬ್ಬನಾದರೂ ಕೇಳುತ್ತಿದ್ದನೇನೋ. ಎರಡನೇ ರೇಡ್‌ನಲ್ಲೂ ಅವನು ಹಾಗೇ ನಿಂತ. ಈ ಸಲ “ದಮ್ಮಿಲ್ಲೇನಲೇ!” ಎಂದು ಹಿಂದಿನಿಂದ ಕೂಗಿದರು, ಕೋಚ್ ಅವನನ್ನು ಹೊರಗೆ ಕೂಡಿಸಿದರು. ಪಂದ್ಯ ಮುಗಿದ ಮೇಲೆ ಮೈಕಿನಲ್ಲಿ ಎಲ್ಲ ಹೇಳಬೇಕೆಂದು ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನಂತೆ. ಸೋತ ತಂಡದವನ ಕೈಗೆ ಮೈಕು ಯಾರು ಕೊಡುತ್ತಾರೆ? ಅವನು ಬಿಟ್ಟ ಪಾಯಿಂಟಿನಿಂದಲೇ ಸೋತರೋ ಇಲ್ಲವೋ, ಆ ಲೆಕ್ಕ ಹಾಕುವ ಧೈರ್ಯ ನನಗೆ ಇರಲಿಲ್ಲ.

ಮರುದಿನ ಆ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡಿತು. ಶಹಾಬಾದ್ ಮುಟ್ಟುವಷ್ಟರಲ್ಲಿ ಅದಕ್ಕೆ ರೋಗವೂ ಸೇರಿತ್ತು. ಅವರಪ್ಪನಿಗೆ ದಮ್ಮು, ಈಗ ಮಗನಿಗೂ ಬಂದಿದೆಯಂತೆ. ಅಲ್ಲಿಂದ ನಮ್ಮ ಬಂಧುಗಳೊಬ್ಬರು ಫೋನ್ ಮಾಡಿ ಒಳ್ಳೆಯ ಡಾಕ್ಟರ ಹೆಸರು ಕೊಟ್ಟರು. ನಾನು ಅವರ ಮೇಲೆ ರೇಗಿ ಫೋನ್ ಇಟ್ಟೆ.

ಆ ವಾರ ಲೀಗ್‌ನ ತಂಡದ ಮ್ಯಾನೇಜರರ ಫೋನ್ ಬಂತು. ನಾವು ಮೂವರೂ ಮನೆಯಲ್ಲೇ ಇದ್ದೆವು, ತಮ್ಮ ಸ್ಪೀಕರ್ ಹಾಕಿದ. ಅವರು ಬೆಂಗಳೂರು ಕಡೆಯ ಕನ್ನಡದವರು, ಮಾತು ಬಹಳ ನಯ.

“ನೋಡಪ್ಪಾ, ನೀನು ಬೇಕಂತಲೇ ನಿಲ್ಲಿಸಿದೆ ಅಂತ ಕೆಲವರು ಹೇಳ್ತಿದಾರೆ. ಅದು ನಮಗೆ ಬೇಡ. ಧೂಳಿಗೆ ಉಸಿರು ಹಿಡಿದಿತ್ತು, ಈಗ ಹುಷಾರಾಗಿದೀನಿ ಅಂತ ಒಂದು ಚಿಕ್ಕ ವಿಡಿಯೋ ಹಾಕಿಬಿಡು. ಜನ ಹೇಗೂ ಹಾಗೇ ಅಂದ್ಕೊಂಡಿದಾರೆ. ನಿನ್ನನ್ನ ಉಳಿಸ್ಕೊಳ್ಳೋದು ನಮಗೂ ಸುಲಭ ಆಗುತ್ತೆ.”

ಎಷ್ಟು ಸಲೀಸು! ಹೊಸ ಸುಳ್ಳು ಹುಟ್ಟಿಸುವ ಅಗತ್ಯವೂ ಇರಲಿಲ್ಲ. ಅಪ್ಪ ಪಿಸುಗುಟ್ಟಿದ, “ಹೂಂ ಅನ್ನು ತಮ್ಮಾ. ಹೂಂ ಅಂದುಬಿಡು.” ನನಗೂ ಅವನು ಹೂಂ ಅಂದರೆ ಸಾಕಾಗಿತ್ತು. ಅವನ ಆಟ ಉಳಿಯಲಿ, ಉಳಿದದ್ದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಒಳಗೊಳಗೇ ಬೇಡಿಕೊಂಡೆ.

ತಮ್ಮ ಫೋನನ್ನು ಬಾಯಿಯ ಹತ್ತಿರ ತಂದ. “ಸರ್, ದಮ್ಮು ಕಡೀಲಿಲ್ರಿ. ದಮ್ಮು ಇತ್ತು, ನಾನೇ ಬಿಟ್ಟೀನಿ. ನಮ್ಮ ಹುಡುಗರಿಗಿ ಬಗ್ರಿ, ಬೊಗಸ್ಯಾಗ ನೀರು ಹಾಕ್ತೀನಿ ಅಂದಿದ್ದಕ್ಕ ಬಿಟ್ಟೀನಿ.”

“ಯೋಚನೆ ಮಾಡಿ ಹೇಳು.”

“ಮಾಡೇ ಹೇಳ್ಲಿಕತ್ತೀನ್ರಿ.”

ಆ ಕಡೆಯಿಂದ ಸರಿ ಎಂಬ ಮಾತು ಬಂದು ಫೋನ್ ನಿಂತಿತು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ. ತಂಡ ತಮ್ಮನನ್ನು ಬಿಟ್ಟಿತು, ಕಾರಣ ಕೊಡಲಿಲ್ಲ. ಕಾರಣವನ್ನು ಊರ ಮಂದಿಯೇ ಕೊಟ್ಟರು. ಅಪ್ಪ ಬಹಳ ದಿನ ಮಗನ ಜೊತೆ ಮಾತಾಡಲಿಲ್ಲ. ಒಂದೇ ಮನೆಯಲ್ಲಿ ಇಬ್ಬರ ನಡುವೆ ನಾನು ಮಾತು ಸಾಗಿಸುತ್ತಿದ್ದೆ. ಸಾಕಾಗಿ ಹೋಗಿತ್ತು.

ಹಾಗಿರುವಾಗ ಒಂದು ಸಂಜೆ ಅಪ್ಪನನ್ನು ಕರೆದುಕೊಂಡು ಔಷಧಿ ಅಂಗಡಿಗೆ ಹೋಗಿ ಬರುತ್ತಿದ್ದೆ. ಸ್ಟೇಷನ್ ಹತ್ತಿರದ ಚಹಾದ ಹೋಟೆಲಿನಲ್ಲಿ ಅಪ್ಪನ ಜೊತೆ ಗಣಿಯಲ್ಲಿ ದುಡಿದವರು ಕೂತಿದ್ದರು. ಪಕ್ಕದ ಬೆಂಚಿನಲ್ಲಿ ಬೇರೆ ಬೇರೆ ಊರಿನ ಮಂದಿ, ಚಿಂಚೋಳಿ ಕಡೆಯವರೂ ಇದ್ದರು. ಹಳೆಯ ಗೆಳೆಯನೊಬ್ಬ ಕನಿಕರದಿಂದಲೇ ಅಂದ, “ಬರ್ರಿ, ಕುಂದ್ರಿ. ಮಗಗೂ ದಮ್ಮು ಬಂದು ಆಟಾ ಬಿಡಿಸಿದ್ರಂತಲ್ಲ. ಭಾಳ ಕೆಟ್ಟನಸ್ತು.”

ಅಪ್ಪ ತಲೆ ಆಡಿಸಿ ಮುಂದೆ ನಡೆಯುತ್ತಾನೆ ಅಂದುಕೊಂಡೆ. ನಾನೂ ಅವನ ತೋಳು ಹಿಡಿದು ಎಳೆದೆ. ಅವನು ಕೈ ಬಿಡಿಸಿಕೊಂಡ.

“ನನ್ನ ಮಗಗ ದಮ್ಮು ಬಂದಿಲ್ಲ,” ಅಂದ, ಬೆಂಚಿನವರಿಗೆಲ್ಲ ಕೇಳುವ ಹಾಗೆ. “ಅವನ ದಮ್ಮು ಕಡೀಲಿಲ್ಲ. ಅವನೇ ಬಿಟ್ಟಾನ. ಯಾಕ ಬಿಟ್ಟಾನ ಅಂತ ಕೇಳ್ರಿ.”

ಯಾರೂ ಕೇಳಲಿಲ್ಲ. ಆದರೂ ಅಪ್ಪ ಹೇಳತೊಡಗಿದ. ಡ್ರಮ್ಮು, ಲೋಟ, ಬೊಗಸೆ, ಹುಡುಗನ ಕೈ, ರಾಜಿ ಮಾಡಿಸಿದ ದೊಡ್ಡವರು. ಎರಡು ಮಾತಿಗೊಮ್ಮೆ ಉಸಿರು ಸಿಕ್ಕಿಕೊಂಡು ನಿಲ್ಲುತ್ತಿತ್ತು. ಎದೆ ನೀವಿಕೊಂಡು ಮತ್ತೆ ಅಲ್ಲಿಂದಲೇ ಹಿಡಿಯುತ್ತಿದ್ದ. ಚಿಂಚೋಳಿ ಕಡೆಯವನೊಬ್ಬ ಎದ್ದು ಚಹಾದ ದುಡ್ಡಿಟ್ಟು ಹೊರಗೆ ಹೋದ. ಗೆಳೆಯ ಜಾಗ ಬಿಟ್ಟು, ಕುಂತು ಹೇಳ್ರಿ ಅಂದ. ಅಪ್ಪ ಕೂಡಲಿಲ್ಲ. ನಿಂತೇ, ಪೂರ್ತಿ ಹೇಳಿದ.