ಗಂಗೆಗೆ ಹೋದ ಎಂಜಿನ್ ಪುಸ್ತಕ

ಚಳಿಗಾಲದ ಬೆಳಿಗ್ಗೆ ಕಾಶಿಯ ಹೊರಗಿನ ಬಾಬತ್‌ಪುರದಲ್ಲಿ ಟೆಂಪೋ ಇಳಿದರೆ ವಿಮಾನ ನಿಲ್ದಾಣ ಕಣ್ಣಿಗೇ ಬೀಳುತ್ತಿರಲಿಲ್ಲ. ಅಲ್ಲಿನವರು ಕೋಹ್ರಾ ಅನ್ನುವ ಮಂಜು ರಸ್ತೆ, ಬೇಲಿ, ಗೇಟು ಎಲ್ಲವನ್ನೂ ಒರೆಸಿಹಾಕಿರುತ್ತಿತ್ತು. ನಾನು ಕಾಲಿನ ಅಂದಾಜಿನ ಮೇಲೆ ನಡೆಯುತ್ತಿದ್ದೆ. ಮೊದಲು ತಗಡಿನ ಶೆಡ್ಡಿನ ವಾಸನೆ ಬರುತ್ತಿತ್ತು: ಪೆಟ್ರೋಲು, ಎಣ್ಣೆ, ಒದ್ದೆಯಾದ ಗೋಣಿತಾಟು. ಆಮೇಲೆ ಆ ಬಿಳುಪಿನೊಳಗಿಂದ ಇನ್ನೊಂದು ಬಿಳುಪು ಮೆಲ್ಲಗೆ ಬೇರೆಯಾಗಿ ರೆಕ್ಕೆಯಾಗುತ್ತಿತ್ತು. ಅದರ ಮೇಲೆ ಕೂತ ಇಬ್ಬನಿಯನ್ನು ಒರೆಸುವಾಗ ವಿಮಾನವನ್ನು ನಾನೇ ಮಂಜಿನಿಂದ ಒರೆಸಿ ತೆಗೆಯುತ್ತಿದ್ದೇನೆ ಅನ್ನಿಸುತ್ತಿತ್ತು.

ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ಪುಟ್ಟ ವಿಮಾನ ಅದು. ಒಡೆಯರು ಬನಾರಸಿನ ಒಬ್ಬ ರೇಷ್ಮೆ ವ್ಯಾಪಾರಿ. ಎಲ್ಲರಿಗೂ ಸೇಠ್‌ಜಿ, ನನಗೂ ಸೇಠ್‌ಜಿ. ಲೈಸೆನ್ಸ್ ಇತ್ತು, ತಾವೇ ಹಾರಿಸುತ್ತಿದ್ದರು. ತೊಳೆದು ಒರೆಸಿ, ಎಣ್ಣೆ ನೋಡಿ, ಪೆಟ್ರೋಲು ತುಂಬಿ, ಹಾರಿ ಬಂದ ಮೇಲೆ ಪುಸ್ತಕ ಬರೆಯುವುದು ನನ್ನ ಕೆಲಸ. ಹನುಮಾನ್ ಘಾಟಿನಲ್ಲಿ ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತರ ಮಗ ನಾನು. ಏಳನೇ ಕ್ಲಾಸು ಮುಗಿಯುವ ಮೊದಲೇ ಶಾಲೆ ಬಿಟ್ಟು ಪಂಪ್‌ಸೆಟ್ಟು, ದೋಣಿ ಎಂಜಿನ್ನು ರಿಪೇರಿ ಮಾಡುವ ಅಂಗಡಿ ಸೇರಿದ್ದೆ. ಸೇಠ್‌ಜಿ ನನ್ನನ್ನು ಅಲ್ಲಿಂದ ಎತ್ತಿಕೊಂಡು ಬಂದರು. ಗ್ರೀಸು ಹತ್ತಿದ ನನ್ನ ಕೈ ನೋಡಿ ನಗುತ್ತಾ ‘ಪಂಡಿತ್’ ಎಂದೇ ಕರೆಯುತ್ತಿದ್ದರು. ನನಗೆ ಬೇಜಾರಿರಲಿಲ್ಲ. ಆ ವಿಮಾನದ ಯಾವ ಸ್ಕ್ರೂ ಮುಟ್ಟಿದರೂ ಬಿಗಿಯಾಗಿರುತ್ತಿತ್ತು. ಈ ಮಾತನ್ನು ಈಗಲೂ ತಲೆಯೆತ್ತಿ ಹೇಳುತ್ತೇನೆ.

ವಿಮಾನ ಇಟ್ಟುಕೊಂಡವರು ಅದಕ್ಕಿಂತ ಹೆಚ್ಚಾಗಿ ಅದರ ಪುಸ್ತಕಗಳನ್ನು ಕಾಪಾಡಬೇಕು. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಹಾರಾಟಕ್ಕೆ ಒಂದು ಪುಸ್ತಕ, ಮೈಗೆ ಒಂದು, ಎಂಜಿನ್ನಿಗೆ ಒಂದು. ಎಂಜಿನ್ ಎಷ್ಟು ಹೊತ್ತು ತಿರುಗಿತು, ಯಾವಾಗ ಬಿಚ್ಚಿದರು, ಯಾವ ಭಾಗ ಹೊಸದು, ಎಲ್ಲ ಅದರಲ್ಲೇ. ತಪ್ಪು ಬರೆದರೆ ಅಳಿಸುವ ಹಾಗಿಲ್ಲ. ಕೆಳಗಿನದು ಕಾಣುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಲಖನೌದಿಂದ ಲೈಸೆನ್ಸ್ ಇರುವ ಎಂಜಿನಿಯರ್ ಬಂದು ನೋಡಿ ಸಹಿ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ಸರ್ಕಾರದ ಇನ್ಸ್‌ಪೆಕ್ಟರ್ ಬರುತ್ತಿದ್ದರು. ಅವರು ವಿಮಾನದ ಕಡೆ ತಿರುಗುವ ಮೊದಲೇ ಪುಸ್ತಕಕ್ಕೆ ಕೈ ಚಾಚುತ್ತಿದ್ದರು. ಪುಸ್ತಕದಲ್ಲಿ ಇಲ್ಲದ್ದು ಅವರ ಪಾಲಿಗೆ ನಡೆದೇ ಇಲ್ಲ. ಎಲ್ಲ ಸರಿಯಿದ್ದರೆ ಇನ್ನೊಂದು ವರ್ಷ ಹಾರಲು ಸರ್ಟಿಫಿಕೇಟು, ಇಲ್ಲವೆಂದರೆ ಶೆಡ್ಡು.

ಸೇಠ್‌ಜಿ ಎಷ್ಟಾದರೂ ಅಂಗಡಿಯವರು. ಬಹಿ ಅಂತ ಕರೆಯುವ ಅಂಗಡಿ ಲೆಕ್ಕದ ಪುಸ್ತಕಗಳಿಗೆ ಹೊದಿಸುವ ಕೆಂಪು ಬಟ್ಟೆಯನ್ನೇ ತರಿಸಿ ವಿಮಾನದ ಪುಸ್ತಕಗಳಿಗೂ ಹೊದಿಕೆ ಹೊಲಿಸಿದ್ದರು. “ಇದೂ ಬಹಿಯೇ ಪಂಡಿತ್, ಗಾಳಿ ವ್ಯಾಪಾರದ್ದು” ಅನ್ನುತ್ತಿದ್ದರು.

ತೊಂಬತ್ತರ ದಶಕದ ಶುರುವಿನ ಒಂದು ವರ್ಷ. ಪೈಲಟ್ ಲೈಸೆನ್ಸಿಗೆಂದು ಸೇಠ್‌ಜಿಯ ಮೈ ನೋಡುವ ಡಾಕ್ಟರು, ಸಕ್ಕರೆ ಏರಿದೆ, ಇದೇ ಕೊನೆ, ಬರುವ ಮಳೆಗಾಲದ ಆಚೆಗೆ ನಾನು ಸಹಿ ಹಾಕಲಾರೆ ಅಂದುಬಿಟ್ಟರು. ಸೇಠ್‌ಜಿ ಅದನ್ನು ನನಗೆ ಹೇಳಿದ್ದು ರೆಕ್ಕೆಯ ನೆರಳಿನಲ್ಲಿ ಕೂತು ಚಹಾ ಕುಡಿಯುವಾಗ. ಅವರಿಗೆ ಉಳಿದದ್ದು ಒಂದೇ ಆಸೆ, ಹೆಂಡತಿಗೆ ಮೇಲಿನಿಂದ ಗಂಗೆಯನ್ನು ತೋರಿಸಬೇಕು. ಸೇಠಾಣಿ ವರ್ಷಗಟ್ಟಲೆಯಿಂದ “ಬರ್ತೀನಿ, ಬರ್ತೀನಿ” ಅನ್ನುತ್ತಾ ಬಂದವರು ಆ ದಸರೆಯಲ್ಲಿ “ಚಳಿ ಕಳೀಲಿ, ಖಂಡಿತ ಬರ್ತೀನಿ” ಅಂದಿದ್ದರು. ಸರ್ಟಿಫಿಕೇಟು ಸಂಕ್ರಾಂತಿಯ ಹೊತ್ತಿಗೆ ಮುಗಿಯುತ್ತಿತ್ತು. ಅದು ಮತ್ತೆ ಸಿಕ್ಕರೆ ಚಳಿಗೂ ಮಳೆಗೂ ನಡುವೆ ಒಂದಿಷ್ಟು ತಿಳಿ ಆಕಾಶ ಅವರ ಕೈಯಲ್ಲಿರುತ್ತಿತ್ತು. ಸಿಗದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು.

ಅದೇ ಹೊತ್ತಿಗೆ ಎಂಜಿನ್ ಪುಸ್ತಕದ ಕೊನೇ ಹಾಳೆಯೂ ತುಂಬಿತು. ಹಳೆಯ ಮೊತ್ತವನ್ನು ಹೊಸ ಪುಸ್ತಕಕ್ಕೆ ಇಳಿಸಿ ಸಹಿ ಮಾಡಬೇಕಾದವರು ಎಂಜಿನಿಯರ್. ದೀಪಾವಳಿ ಕಳೆದು ಬರುತ್ತೇನೆ ಅಂದಿದ್ದರು. ಎರಡೂ ಪುಸ್ತಕಗಳನ್ನು ಸೇಠ್‌ಜಿ ಮನೆಯ ಬೀರುವಿನಲ್ಲಿ ಇಟ್ಟುಕೊಂಡರು.

ದೀಪಾವಳಿಗೆ ಅಲ್ಲಿನ ವ್ಯಾಪಾರಿಗಳ ಮನೆಗಳಲ್ಲಿ ಹೊಸ ಬಹಿಗಳ ಪೂಜೆ. ಮೊದಲ ಹಾಳೆಯ ಮೇಲೆ ಕುಂಕುಮದ ಸ್ವಸ್ತಿಕ, ಅದರ ಕೆಳಗೆ ಶುಭ ಲಾಭ. ಸೇಠಾಣಿಯ ಮನೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ತುಂಬಿ ಹಳೆಯದಾದ ಬಹಿಗಳನ್ನು ರದ್ದಿಗೆ ಹಾಕುತ್ತಿರಲಿಲ್ಲ. ಲಕ್ಷ್ಮಿ ಕೂತ ಹಾಳೆಯಲ್ಲಿ ಕಡಲೆಕಾಯಿ ಕಟ್ಟಬಾರದೆಂದು ದೋಣಿಯಲ್ಲಿ ಹೋಗಿ ನಡುನೀರಿನಲ್ಲಿ ಬಿಡುತ್ತಿದ್ದರು.

ಹಬ್ಬ ಕಳೆದು ಪುಸ್ತಕ ತರಲು ಹೋದೆ. ಹೊಸದು ಸಿಕ್ಕಿತು, ಮೊದಲ ಹಾಳೆಯಲ್ಲಿ ಸ್ವಸ್ತಿಕದ ಜೊತೆಗೆ. ಹಳೆಯದು ಎಲ್ಲೂ ಇಲ್ಲ.

“ಕೆಂಪು ಬಟ್ಟೇದಾ? ಅದು ತುಂಬಿತ್ತಲ್ಲ ಬೇಟಾ” ಅಂದರು ಸೇಠಾಣಿ. “ಕೊನೇ ಹಾಳೆ ತನಕ ತೆಗೆದು ನೋಡಿದೆ, ಒಂದು ಸಾಲೂ ಖಾಲಿ ಇರಲಿಲ್ಲ. ಹೂವು ಇಟ್ಟು, ಕೈಮುಗಿದು ಬಿಟ್ಟು ಬಂದೆ.”

ಸೇಠ್‌ಜಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಗಂಗಾ ಮಾತೆಗೆ ಈಗ ನಮ್ಮ ಎಂಜಿನ್ ಎಷ್ಟು ಓಡಿದೆ ಅಂತ ಪೂರ್ತಿ ಗೊತ್ತು” ಅಂದರು. “ಇನ್ಸ್‌ಪೆಕ್ಟರು ಅವಳನ್ನೇ ಕೇಳಲಿ.”

ಸೇಠಾಣಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಪುಸ್ತಕವಿಲ್ಲದ ಎಂಜಿನ್ನಿಗೆ ವಯಸ್ಸಿಲ್ಲ ಅಮ್ಮಾ, ವಯಸ್ಸಿಲ್ಲದ್ದನ್ನು ಅವರು ಹಾರಲು ಬಿಡುವುದಿಲ್ಲ. ಸೇಠಾಣಿ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. “ನಾನು ಬರಲ್ಲ ಅಂತ ಹೀಗೆ ಮಾಡಿದೆ ಅಂದುಕೋಬೇಡಿ” ಎಂದು ಗಂಡನಿಗೆ ಹೇಳಿದರು.

ಆಮೇಲಿನ ವಾರಗಳು ನನಗೆ ಕನಸಿನ ಹಾಗೆಯೇ ನೆನಪಿವೆ. ಸಂಜೆ ಘಾಟಿನ ಮೆಟ್ಟಿಲ ಮೇಲೆ ಕೂತರೆ ನೀರೊಳಗೆ ಹಾಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದು ಕಾಣುತ್ತಿತ್ತು. ನನ್ನದೇ ಅಕ್ಷರ, ನನ್ನದೇ ಅಂಕಿಗಳು, ಎಂಜಿನಿಯರರ ಹಸಿರು ಶಾಯಿಯ ಸಹಿ, ಎಲ್ಲ ಕರಗಿ ಮೀನಿನ ಕಣ್ಣಿನ ಮುಂದೆ ಹೊಗೆಯ ಹಾಗೆ ಹರಿದುಹೋಗುತ್ತಿದ್ದವು. ಪಕ್ಕದ ಹರಿಶ್ಚಂದ್ರ ಘಾಟಿನ ಚಿತೆಗಳ ಹೊಗೆಯೂ ಅದೇ ನೀರಿನ ಮೇಲೆ ಬಗ್ಗುತ್ತಿತ್ತು.

ಒಂದು ಮಧ್ಯಾಹ್ನ ಅಪ್ಪನ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಅಪ್ಪ ದರ್ಭೆ ಕಟ್ಟುತ್ತಿದ್ದರು.

“ಗೋತ್ರ ಮರೆತು ಬಂದವರಿಗೆ ನಾವು ಏನು ಹೇಳಿಸ್ತೇವೆ? ಕಾಶ್ಯಪ ಗೋತ್ರ ಅಂತ. ನಿನ್ನ ಎಂಜಿನ್ನಿಗೂ ಅದನ್ನೇ ಹೇಳಿಸು ಮಾರಾಯ.”

“ಅಪ್ಪಾ, ಅದು ಹಾರಬೇಕು.”

“ಪಿತೃಗಳೂ ಹಾರಬೇಕು. ನಾವು ಕಳಿಸ್ತಾ ಇಲ್ವೋ?”

ಸ್ವಲ್ಪ ಹೊತ್ತು ಬಿಟ್ಟು ಅವರೇ ಎದ್ದು ಪೆಟ್ಟಿಗೆಯಿಂದ ತಮ್ಮ ಯಾತ್ರಿಕರ ಪುಸ್ತಕ ತೆಗೆದರು. ಹುಬ್ಬಳ್ಳಿ ಕಡೆಯವರು, ಕುಂದಾಪುರದ ಕಡೆಯವರು, ಬಂದುಹೋದ ಮನೆತನಗಳೆಲ್ಲ ಅದರಲ್ಲಿದ್ದವು. ನಾನು ಹುಟ್ಟಿದಾಗಿನಿಂದ ನೋಡಿದ ಪುಸ್ತಕ, ಆದರೆ ಅವತ್ತಿನವರೆಗೆ ಓದಿರಲಿಲ್ಲ. ಪ್ರತಿ ಹೆಸರಿನ ಪಕ್ಕದಲ್ಲಿ ಸಣ್ಣದಾಗಿ ಬರೆದಿತ್ತು: ಹೇಳಿದವರು ಮಗ, ಹೇಳಿದವರು ಸೋದರಳಿಯ, ಹೇಳಿದವರು ನೆರೆಮನೆಯವರು. ಯಾರಿಗೂ ಗೊತ್ತಿಲ್ಲದ ಮುತ್ತಜ್ಜಿಯ ಜಾಗ ಖಾಲಿ.

“ಕಾಶ್ಯಪ ಅನ್ನೋದು ಬಾಯಿಗೆ ಮಾತ್ರ” ಅಂದರು ಅಪ್ಪ. “ಪುಸ್ತಕಕ್ಕೆ ಅಲ್ಲ. ಇಲ್ಲಿ ಗೊತ್ತಿಲ್ಲದ್ದನ್ನ ಬರೆಯೋ ಹಾಗಿಲ್ಲ, ಜಾಗ ಬಿಡ್ಬೇಕು. ನಾಳೆ ಯಾರಾದ್ರೂ ಗೊತ್ತಿದ್ದವರು ಬಂದರೆ?”

ಮರುದಿನದಿಂದ ನಾನು ಎಂಜಿನ್ನಿನ ಲೆಕ್ಕವನ್ನು ಹೊಸ ಪುಸ್ತಕದಲ್ಲಿ ಹಾಗೆಯೇ ಕಟ್ಟಲು ಶುರುಮಾಡಿದೆ. ಹಾರಾಟದ ಪುಸ್ತಕ ವಿಮಾನದಲ್ಲೇ ಇತ್ತು. ಸೇಠ್‌ಜಿ ಕೊಂಡಂದಿನಿಂದ ಹಾರಿದ್ದೆಲ್ಲ ಅದರಲ್ಲಿ ಸಿಕ್ಕಿತು. ನಿಲ್ದಾಣದವರು ಬಂದ ಹೋದ ವಿಮಾನಗಳ ರಿಜಿಸ್ಟರ್ ತೆಗೆದುಕೊಟ್ಟರು, ತಾಳೆ ನೋಡಿದೆ. ಎಂಜಿನ್ ಬಿಚ್ಚಿದ ಕೆಲಸಗಳ ನಕಲು ಎಂಜಿನಿಯರರ ಹತ್ತಿರವಿತ್ತು. ಸೇಠ್‌ಜಿಗಿಂತ ಮೊದಲು ವಿಮಾನ ಇಟ್ಟುಕೊಂಡಿದ್ದವರು ಗೋರಖ್‌ಪುರದ ಆಚೆಯ ಒಂದು ಸಕ್ಕರೆ ಮಿಲ್ಲಿನವರು. ಸೇಠ್‌ಜಿ ಜೀಪು ಕೊಟ್ಟರು, ಅಲ್ಲಿಗೂ ಹೋಗಿ ಬಂದೆ. ಗೋದಾಮಿನಲ್ಲಿ ಬೆಲ್ಲದ ವಾಸನೆ ಹಿಡಿದ ಹಳೇ ಪುಸ್ತಕಗಳು ಸಿಕ್ಕವು. ಒಂದೊಂದು ಅಂಕಿ ಬರೆದಾಗಲೂ ಎಲ್ಲಿಂದ ಬಂತು, ಯಾರು ಕೊಟ್ಟರು ಎಂದು ಪಕ್ಕದಲ್ಲಿ ಬರೆದೆ.

ಕೊನೆಗೆ ಒಂದು ಮಳೆಗಾಲ ಮಾತ್ರ ಎಲ್ಲೂ ಸಿಗಲಿಲ್ಲ. ಮಿಲ್ಲಿನವರು ಆಗ ಹೊಲದ ಪಕ್ಕದ ಹುಲ್ಲುಗಾವಲಿನಿಂದ ಹಾರಿಸುತ್ತಿದ್ದರಂತೆ. ಆ ವರ್ಷದ ಪುಸ್ತಕ ನೆರೆಯಲ್ಲಿ ಹೋಗಿತ್ತು. ಅದೂ ನೀರಿಗೇ.

“ಏನಾದರೂ ಒಂದು ಹಾಕು ಪಂಡಿತ್” ಅಂದರು ಸೇಠ್‌ಜಿ. “ಮಳೆಗಾಲದಲ್ಲಿ ಎಷ್ಟು ಹಾರಿದ್ದಾರು?”

“ಎಷ್ಟು ಹಾರಿದರೋ ನೀವು ನೋಡಿಲ್ಲ, ನಾನೂ ನೋಡಿಲ್ಲ.”

“ಆ ಒಂದು ಖಾಲಿ ಜಾಗಕ್ಕೆ ಅವರು ಇಲ್ಲ ಅಂದರೆ?”

ಸೇಠಾಣಿ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು. “ಅವನು ಸುಳ್ಳು ಬರೆದ ಗಾಡಿ ನಾನು ಹತ್ತಲ್ಲ” ಅಂದು ಒಳಗೆ ಹೋದರು. ಸೇಠ್‌ಜಿ ನನ್ನ ಕಡೆ ನೋಡಿ ತಲೆ ಕೊಡವಿದರು. “ಮುಗೀತು. ಈಗ ನೀವಿಬ್ಬರೂ ಒಂದು ಪಕ್ಷ.”

ಸಂಕ್ರಾಂತಿಗೆ ಮೊದಲು ಇನ್ಸ್‌ಪೆಕ್ಟರ್ ಬಂದರು. ಅವತ್ತೂ ಕೋಹ್ರಾ. ಮಫ್ಲರ್ ಸುತ್ತಿಕೊಂಡು, ಶೆಡ್ಡಿನ ಕಬ್ಬಿಣದ ಕುರ್ಚಿಯಲ್ಲಿ ಕೂತು ಹೊಸ ಪುಸ್ತಕ ತೆರೆದರು. ಮೊದಲ ಹಾಳೆಯಲ್ಲಿ ಸ್ವಸ್ತಿಕ.

“ಇದು ಯಾವ ಎಂಟ್ರಿ?”

“ಪೂಜೆಯದು ಸಾಬ್.”

“ಸಹಿ ಕಾಣೋದಿಲ್ಲವಲ್ಲ.”

ಸೇಠ್‌ಜಿ ಕೆಮ್ಮಿದರು. ಇನ್ಸ್‌ಪೆಕ್ಟರ್ ಮುಖದಲ್ಲಿ ನಗು ಇತ್ತೋ ಇಲ್ಲವೋ, ಮಫ್ಲರಿನಿಂದ ಗೊತ್ತಾಗಲಿಲ್ಲ. ಹಾಳೆ ತಿರುಗಿಸಿದರು. ಪುಸ್ತಕ ಎಲ್ಲಿ ಹೋಯಿತೆಂದು ಸೇಠ್‌ಜಿ ಬರೆದುಕೊಟ್ಟ ಕಾಗದ ಓದಿದರು. ಎಂಜಿನಿಯರ್ ಪಕ್ಕದಲ್ಲೇ ನಿಂತು ಒಂದೊಂದು ಸಾಲಿಗೂ ಅದರ ನಕಲು ತೋರಿಸಿದರು. ಖಾಲಿ ಜಾಗಕ್ಕೆ ಬಂದಾಗ ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿ ಎಂಜಿನ್ನಿನ ಹತ್ತಿರ ಹೋದರು. ಎಣ್ಣೆಯ ಜಾಲರಿ ತೆಗೆಸಿ, ಲೋಹದ ಪುಡಿ ಇದೆಯೋ ಎಂದು ಬೆರಳಲ್ಲಿ ತಿಕ್ಕಿ ನೋಡಿದರು. ಸಿಲಿಂಡರುಗಳ ಒತ್ತಡ ನೋಡಿಸಿದರು. ಅಷ್ಟರಲ್ಲಿ ಮಧ್ಯಾಹ್ನವಾಯಿತು. ಮಂಜು ಕರಗಿ ಸಾಸಿವೆ ಹೊಲದ ಹಳದಿ ನಿಧಾನಕ್ಕೆ ಹೊರಬಂತು.

ಕೊನೆಗೆ ಅವರು ಹೇಳಿದ್ದು ಇಷ್ಟು. ಗೊತ್ತಿಲ್ಲದ ಆ ಮಳೆಗಾಲವನ್ನು, ಉಳಿದೆಲ್ಲ ಲೆಕ್ಕದಲ್ಲಿ ವಿಮಾನ ಅತಿ ಹೆಚ್ಚು ಹಾರಿದ ಮಳೆಗಾಲ ಯಾವುದೋ ಅದಕ್ಕೆ ಸಮ ಎಂದು ಹಿಡಿಯಬೇಕು. ಎಂಜಿನ್ನಿಗೆ ಇಲ್ಲದ ವಯಸ್ಸು ಸೇರುತ್ತದೆ, ಪೂರ್ತಿ ಬಿಚ್ಚಿ ಕಟ್ಟುವ ಗಡುವು ಹತ್ತಿರ ಬರುತ್ತದೆ, ಉಳಿಯುವ ಹಾರಾಟ ಕಡಿಮೆ. ಒಪ್ಪಿಗೆಯಿದ್ದರೆ ಸರ್ಟಿಫಿಕೇಟಿಗೆ ಅಡ್ಡಿಯಿಲ್ಲ.

“ಎಂಜಿನ್ನಿಗೆ ಒಂದೇ ದಿನದಲ್ಲಿ ವಯಸ್ಸಾಯಿತು” ಅಂದರು ಸೇಠ್‌ಜಿ. “ನನಗೂ ಡಾಕ್ಟರು ಹಾಗೇ ಮಾಡಿದರು. ಆಗಲಿ ಸಾಬ್, ಇಬ್ಬರೂ ಮಳೆಗಾಲದ ತನಕ ಸಾಕು.”

ಮಾಘ ಕಳೆಯುವ ಹೊತ್ತಿಗೆ ಬೆಳಗ್ಗಿನ ಬಿಸಿಲು ಬೇಗ ಬರತೊಡಗಿತು. ಒಂದು ದಿನ ಸೇಠಾಣಿ ಕೆಂಪಂಚಿನ ಸೀರೆ ಉಟ್ಟು, ಶಾಲು ಹೊದ್ದು ಬಂದರು. ಚಕ್ರಕ್ಕೆ ನೀರು ಚಿಮುಕಿಸಿ ನಮಸ್ಕಾರ ಮಾಡಿದರು. ನಾನು ಬಾಗಿಲು ಹಾಕಿ ಹಿಂದೆ ಸರಿಯುವಾಗ ಸೇಠ್‌ಜಿ “ನೀನೂ ಹತ್ತು ಪಂಡಿತ್” ಅಂದರು.

ಮೇಲಿನಿಂದ ಗಂಗೆ ನೀರಿನ ಹಾಗೆ ಇರಲಿಲ್ಲ. ಯಾರೋ ನಿದ್ದೆಯಲ್ಲಿ ಮಗ್ಗುಲು ತಿರುಗುವಾಗ ಜಾರಿದ ಬೂದು ಶಾಲಿನಂತೆ ಬಾಗಿತ್ತು. ಈ ದಡದಲ್ಲಿ ಅಷ್ಟು ಗಲಾಟೆಯ ಊರು ಸದ್ದಿಲ್ಲದೆ ಕೂತಿತ್ತು. ಆ ದಡದಲ್ಲಿ ಬರೀ ಮರಳು, ಏನೂ ಬರೆಯದ ಹಾಳೆ. ಹರಿಶ್ಚಂದ್ರ ಘಾಟಿನ ಹೊಗೆ ನಮ್ಮ ಕೆಳಗೇ ನೂಲಿನಂತೆ ಎದ್ದಿತ್ತು. ಅದರ ಪಕ್ಕದಲ್ಲಿ ನಮ್ಮ ಮನೆಯ ತಾರಸಿ, ಅಪ್ಪನ ಪಂಚೆ ಒಣಗುತ್ತಿರುವುದು. ಪಂಚೆಯೋ ಪಾರಿವಾಳವೋ, ಆ ಎತ್ತರದಿಂದ ಆಣೆಯಿಟ್ಟು ಹೇಳಲಾರೆ.

ಸೇಠಾಣಿ ಕಿಟಕಿಗೆ ಹಣೆ ಒತ್ತಿಕೊಂಡಿದ್ದರು. ಎಂಜಿನ್ ಸದ್ದಿನ ಮೇಲೆ ಕೂಗಿ ಹೇಳಿದರು, “ಅಲ್ಲೇ ಎಲ್ಲೋ ಬಿಟ್ಟಿದ್ದು.”

“ಅದು ಇಷ್ಟು ಹೊತ್ತಿಗೆ ಪಟ್ನಾ ದಾಟಿರತ್ತೆ” ಅಂದರು ಸೇಠ್‌ಜಿ.

“ದಾಟಲಿ. ಇನ್ನೊಂದು ಸುತ್ತು ತಿರುಗಿಸಿ.”

ಸೇಠ್‌ಜಿ ತಿರುಗಿಸಿದರು. ಕೇಳದೆಯೇ ಮತ್ತೊಂದು ಸುತ್ತೂ ಹೋದರು.

ಆ ವರ್ಷ ಮಳೆ ಬರುವ ಮೊದಲು ಅವರು ಇನ್ನೂ ಕೆಲವು ಸಲ ಹಾರಿದರು. ಆಮೇಲೆ ಡಾಕ್ಟರು ಹೇಳಿದ ಹಾಗೇ ಆಯಿತು. ವಿಮಾನ ಬೇರೆಯವರಿಗೆ ಹೋಯಿತು, ಪುಸ್ತಕಗಳು ಅದರ ಜೊತೆಗೇ ಹೋಗಬೇಕಾದ್ದರಿಂದ ಕೆಂಪು ಹೊದಿಕೆಯ ಸಮೇತ ಹೋದವು. ನನಗೆ ಹೆಚ್ಚು ನೆನಪಿರುವುದು ಆ ಮೊದಲ ದಿನ ಇಳಿದ ಮೇಲಿನದು. ಎಂಜಿನ್ ಇನ್ನೂ ಬಿಸಿಯಿತ್ತು, ಒಳಗೆ ಟಿಕ್ ಟಿಕ್ ಅನ್ನುತ್ತಿತ್ತು. ನಾನು ರೆಕ್ಕೆಯ ನೆರಳಿನಲ್ಲಿ ಕೂತು ಪುಸ್ತಕ ತೆರೆದು ಆ ಹಾರಾಟವನ್ನು ಬರೆದೆ. ಸೇಠಾಣಿ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

“ಇದು ತುಂಬೋದಕ್ಕೆ ಇನ್ನೂ ಎಷ್ಟಿದೆ ಬೇಟಾ?”

“ತುಂಬಾ ಇದೆ ಅಮ್ಮಾ. ಹಳೇ ಲೆಕ್ಕ ಮುಗಿದು ಹೊಸದರ ಮೊದಲನೇ ಹಾಳೆ ಇದು.”

“ಹಾಗಾದರೆ ನಾನು ಮುಟ್ಟಲ್ಲ” ಅಂದರು. ಶಾಯಿ ಒಣಗುವ ತನಕ ಅಲ್ಲೇ ನಿಂತಿದ್ದರು.